ಸುಮ್ಮನೆ ಕೂರಲೊಂದು ಕಟ್ಟೆ

ಪಟ್ಟಂನಲ್ಲಿ ಹೆಂಗಸರು ಬಹಳ ಬಿರುಸಾಗಿ ನಡೆಯುತ್ತಾರೆ. ತಿರುವನಂತಪುರದ ಈ ಬಡಾವಣೆಯಲ್ಲಿ ವಿದ್ಯುತ್ ಮಂಡಳಿಯ ಕೇಂದ್ರ ಕಚೇರಿ ಇದೆ, ಸರ್ಕಾರಿ ಕೆಲಸದ ಆಸೆ ಇರುವವರೆಲ್ಲ ಒಮ್ಮೆಯಾದರೂ ಮೆಟ್ಟಿಲು ಹತ್ತುವ ಪಿ.ಎಸ್.ಸಿ. ಇದೆ, ದೊಡ್ಡ ಆಸ್ಪತ್ರೆ ಇದೆ, ಮಕ್ಕಳು ಸಾವಿರಗಟ್ಟಲೆ ಸೇರುವ ಶಾಲೆಗಳಿವೆ. ಇಷ್ಟೆಲ್ಲ ಇರುವ ಕಡೆ ಓಡಾಟ ಸಹಜ ಅನ್ನಬಹುದು. ಆದರೆ ಗಂಡಸರು ಅಷ್ಟೇನೂ ಓಡುವುದಿಲ್ಲ. ಚಾಯದಂಗಡಿಯ ಗೋಡೆಗೆ ಒಂದು ಕಾಲು ಮಡಿಚಿ ಕೊಟ್ಟು ಪೇಪರ್ ಓದುತ್ತಾರೆ. ನಿಲ್ಲಿಸಿದ ಸ್ಕೂಟರಿನ ಮೇಲೆ ಅಡ್ಡ ಕೂತು ಸರ್ಕಾರ ಬೀಳಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಓಡುವವರು ಹೆಂಗಸರು ಮಾತ್ರ. ಕೂರಲು ಜಾಗವಿಲ್ಲದವರು ನಡೆಯುತ್ತಲೇ ಇರಬೇಕಲ್ಲ!

ನನ್ನದು ಬದಿಯಡ್ಕದ ಕಡೆ. ಕಾಸರಗೋಡಿನವರಾದ ನಮಗೆ ಬೆಂಗಳೂರು ಹತ್ತಿರ, ನಮ್ಮದೇ ರಾಜಧಾನಿ ದೂರ. 1956ರಲ್ಲಿ ರಾಜ್ಯಗಳ ಗಡಿ ಬರೆದವರು ನಮ್ಮನ್ನು ಕೇರಳದ ಬಡಗಣ ತುದಿಯಲ್ಲಿ ಕೂರಿಸಿದರು, ರಾಜಧಾನಿ ತೆಂಕಣ ತುದಿಯಲ್ಲೇ ಉಳಿಯಿತು. ನಡುವೆ ಸುಮಾರು 580 ಕಿಲೋಮೀಟರ್ ರೈಲು ಹಳಿ. ಕೆಲಸದ ದೆಸೆಯಿಂದ ಈ ತುದಿಗೆ ಬಂದು ಪಟ್ಟಂನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ನನಗೆ ಊರಿನ ಎಲ್ಲಕ್ಕಿಂತ ಹೆಚ್ಚು ನೆನಪಾದದ್ದು ಕಟ್ಟೆ.

ನಮ್ಮಲ್ಲಿ ಕಟ್ಟೆ ಎರಡು. ಒಂದು ಅಶ್ವತ್ಥಕಟ್ಟೆ, ಇನ್ನೊಂದು ಬಾವಿಕಟ್ಟೆ. ಅಶ್ವತ್ಥಕಟ್ಟೆಯಲ್ಲಿ ಗಂಡಸರು ಕೂರುತ್ತಿದ್ದರು. ಅಡಿಕೆಯ ಧಾರಣೆ, ಯಕ್ಷಗಾನದ ಮೇಳ, ಯಾರ ತೋಟಕ್ಕೆ ಯಾರ ದನ ನುಗ್ಗಿತು, ಎಲ್ಲ ಅಲ್ಲೇ ತೀರ್ಮಾನ. ಬಾವಿಕಟ್ಟೆಯ ಬಳಿ ಹೆಂಗಸರು ನಿಲ್ಲುತ್ತಿದ್ದರು. ಅಲ್ಲೂ ಮಾತು ಕಡಿಮೆಯಿರಲಿಲ್ಲ, ಆದರೆ ಕೈಯಲ್ಲಿ ಹಗ್ಗ ಇರಲೇಬೇಕು. ಕೊಡಪಾನ ತುಂಬಿದರೆ ಮಾತು ಮುಗಿಯಿತು. ನನ್ನ ಅಜ್ಜಿ ಒಂದು ಉಪಾಯ ಕಂಡುಕೊಂಡಿದ್ದರು. ಮಾತು ರುಚಿಯಾದಾಗ ಅರ್ಧ ತುಂಬಿದ ಕೊಡವನ್ನು "ಕಸ ಬಿದ್ದಿದೆ" ಎಂದು ಚೆಲ್ಲಿ ಮತ್ತೆ ಸೇದುತ್ತಿದ್ದರು. ನಮ್ಮ ಬಾವಿಯ ನೀರಿನಲ್ಲಿ ಅಷ್ಟು ಕಸ ಇರಲಿಲ್ಲ ಎಂದು ನನಗೆ ಗೊತ್ತು. ಈಗ ಮನೆಮನೆಗೆ ಪಂಪು ಬಂದು ಬಾವಿಕಟ್ಟೆಯ ಮಾತು ನಿಂತುಹೋಗಿದೆ. ಅಶ್ವತ್ಥಕಟ್ಟೆಗೆ ಮಾತ್ರ ಪಂಚಾಯತಿನವರು ಟೈಲ್ಸ್ ಹಾಕಿಸಿದ್ದಾರೆ.

ಪೇಟೆಯ ಹೆಂಗಸರ ಕೈಯಲ್ಲೂ ಒಂದು ಹಗ್ಗ ಇರಬೇಕು. ಇಲ್ಲದಿದ್ದರೆ ಜನಕ್ಕೆ ಸಮಾಧಾನವಿಲ್ಲ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಒಂದು ಸಂಜೆ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಬೆಳಿಗ್ಗೆ ಅಲ್ಲಿ ವಾಕಿಂಗ್ ಬರುವ ಹೆಂಗಸರು ಬಹಳ. ಅದಕ್ಕೆ ಯಾರ ತಕರಾರೂ ಇಲ್ಲ, ಯಾಕೆಂದರೆ ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಸಂಜೆ ಕಾಯಿಲೆ ಇಲ್ಲದೆ ಕೂತವಳ ಕತೆ ಬೇರೆ. ಮೊದಲು ಕಡಲೆ ಮಾರುವವನು "ಚೇಚಿ, ಯಾರಾದರೂ ಬರಬೇಕಾ?" ಎಂದು ಕೇಳಿದ. ಆಮೇಲೆ ಒಬ್ಬ ಹಿರಿಯರು ಬಂದು ತಲೆ ಸುತ್ತುತ್ತಿದೆಯೇ ಎಂದು ವಿಚಾರಿಸಿದರು. ಕೊನೆಗೆ ಒಬ್ಬಾಕೆ ಪಕ್ಕದಲ್ಲಿ ಕೂತು, ಮೆಲ್ಲಗೆ, "ಮನೆಯಲ್ಲಿ ಏನಾದರೂ ಜಗಳವಾ?" ಎಂದರು. ಮೂವರೂ ಒಳ್ಳೆಯವರೇ. ಆದರೆ ಹೆಂಗಸು ಸುಮ್ಮನೆ ಕೂತಿರಬಹುದು ಎಂಬ ನಾಲ್ಕನೆಯ ಸಾಧ್ಯತೆ ಯಾರಿಗೂ ಹೊಳೆಯಲಿಲ್ಲ. ಅಂದಿನಿಂದ ನಾನೂ ಕೆಲವು ಹಗ್ಗ ಇಟ್ಟುಕೊಂಡಿದ್ದೇನೆ. ಕಿವಿಗೆ ಫೋನ್ ಹಿಡಿದರೆ ಅರ್ಧ ಗಂಟೆ ಕೂರಬಹುದು. ತೊಡೆಯ ಮೇಲೆ ಕಚೇರಿಯ ಫೈಲ್ ಇದ್ದರೆ ಒಂದು ಗಂಟೆ. ಪಕ್ಕದ ಮನೆಯ ಮಗುವನ್ನು ಎರವಲು ತಂದರೆ ಇಡೀ ಸಂಜೆ ನಮ್ಮದು. ಆದರೆ ಮಗು ಕೂರಲು ಬಿಡುವುದಿಲ್ಲ, ಅದು ಬೇರೆ ಮಾತು.

'ವೈ ಲಾಯ್ಟರ್?' ಎಂಬ ಪುಸ್ತಕ 2011ರಲ್ಲಿ ಬಂತು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು ಮುಂಬೈಯ ಬೀದಿಗಳನ್ನು ನೋಡಿ ಬರೆದದ್ದು. ಹೆಂಗಸರಿಗೆ ಬರೀ ಸುರಕ್ಷತೆ ಕೊಟ್ಟರೆ ಸಾಲದು, ಕಾರಣವಿಲ್ಲದೆ ಅಡ್ಡಾಡುವ ಹಕ್ಕೂ ಬೇಕು ಎಂಬುದು ಅವರ ವಾದ. ಓದಿದಾಗ ನನಗೆ ಮುಂಬೈ ನೆನಪಾಗಲಿಲ್ಲ, ಅಜ್ಜಿ ಚೆಲ್ಲುತ್ತಿದ್ದ ಕೊಡ ನೆನಪಾಯಿತು.

ಕೂರುವ ಜಾಗಕ್ಕೆ ಈ ಊರಿನಲ್ಲಿ ನಿಜವಾದ ಯುದ್ಧವೇ ನಡೆದದ್ದುಂಟು. ಪಟ್ಟಂನಿಂದ ದೂರವೇನಲ್ಲ, ಶ್ರೀಕಾರ್ಯಂನ ಎಂಜಿನಿಯರಿಂಗ್ ಕಾಲೇಜಿನ ಬಳಿ. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಉದ್ದನೆಯ ಕಬ್ಬಿಣದ ಬೆಂಚು ಇತ್ತು. ಹುಡುಗ ಹುಡುಗಿಯರು ಒತ್ತಿ ಕೂರುತ್ತಾರೆ ಎಂದು ಸಂಕಟಪಟ್ಟ ಸ್ಥಳೀಯರು 2022ರ ಜುಲೈಯಲ್ಲಿ ಅದನ್ನು ಕತ್ತರಿಸಿ, ನಡುವೆ ಅಂತರ ಬಿಟ್ಟು, ಒಬ್ಬೊಬ್ಬರೇ ಕೂರುವ ಮೂರು ಆಸನ ಮಾಡಿಟ್ಟರು. ನೀತಿಯನ್ನು ವೆಲ್ಡಿಂಗ್‌ನಲ್ಲಿ ಕಾಪಾಡಬಹುದು ಎಂದು ನಾವಂತೂ ಎಣಿಸಿರಲಿಲ್ಲ. ವಿದ್ಯಾರ್ಥಿಗಳು ಎಂಜಿನಿಯರಿಂಗ್ ಓದುವವರು, ಪರಿಹಾರ ಅಲ್ಲೇ ಕಂಡುಕೊಂಡರು. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತು ಫೋಟೊ ತೆಗೆಸಿ ಲೋಕಕ್ಕೆಲ್ಲ ಹಂಚಿದರು. ಮೊದಲು ಪಕ್ಕಪಕ್ಕ ಇದ್ದವರನ್ನು ಹೀಗೆ ಒಬ್ಬರ ಮೇಲೊಬ್ಬರು ಕೂರಿಸಿದ ಕೀರ್ತಿ ಬೆಂಚು ಕತ್ತರಿಸಿದವರಿಗೇ ಸಲ್ಲಬೇಕು. 2020ರ ಕೊನೆಯಲ್ಲಿ, 21ನೇ ವಯಸ್ಸಿಗೆ, ನಗರದ ಮೇಯರ್ ಆಗಿದ್ದ ಆರ್ಯಾ ರಾಜೇಂದ್ರನ್ ಸ್ಥಳಕ್ಕೆ ಬಂದು ನೋಡಿ, ಗಂಡು ಹೆಣ್ಣೆಂಬ ಭೇದವಿಲ್ಲದ ಹೊಸ ತಂಗುದಾಣ ಕಟ್ಟಿಸುವುದಾಗಿ ಹೇಳಿದರು. ಸೆಪ್ಟೆಂಬರಿನಲ್ಲಿ ಹಳೆಯದನ್ನು ಕೆಡವಿಯೂ ಆಯಿತು.

ಕೂರುವ ಮಾತು ಅಂಗಡಿಯ ಒಳಗೂ ಇತ್ತು. ಸೀರೆ ಕೊಳ್ಳಲು ಹೋದ ನಾವು ಮೆತ್ತನೆಯ ಸ್ಟೂಲಿನ ಮೇಲೆ ಕೂತು "ಇನ್ನೊಂದು ಬಣ್ಣ ತೋರಿಸಿ" ಎನ್ನುತ್ತೇವೆ. ತೋರಿಸುವ ಹುಡುಗಿ ಬೆಳಗಿನಿಂದ ನಿಂತೇ ಇರುತ್ತಾಳೆ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಕೆಲಸಗಾರ್ತಿಯರ ನಡುವೆ ದರ್ಜಿ ವಿಜಿ ಮತ್ತು ಅವರ 'ಪೆಣ್‌ಕೂಟ್' ಸಂಘಟನೆ ಇದನ್ನು ಎತ್ತಿಕೊಂಡಿತು. ಅವರು ಕೇಳಿದ್ದು ಎರಡೇ: ಕೂರಲು ಸ್ಟೂಲು, ಹೋಗಲು ಶೌಚಾಲಯ. ಇಷ್ಟಕ್ಕೆ ವರ್ಷಗಟ್ಟಲೆ ಹೋರಾಟ ಬೇಕಾಯಿತು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮುಂಗಟ್ಟುಗಳ ಕಾನೂನು ತಿದ್ದಿ, ಕೆಲಸದ ನಡುವೆ ಕೂರುವುದನ್ನು ಹಕ್ಕಾಗಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಪೃಷ್ಠಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು ಎಂದು ಕಚೇರಿಯ ಗಂಡಸರು ನಕ್ಕರು. ಅವರೆಲ್ಲ ಕುರ್ಚಿಯಲ್ಲಿ ಕೂತು ನಗುತ್ತಿದ್ದರು.

ಶೌಚಾಲಯದ ಮಾತು ಬಂದಮೇಲೆ ನೀರಿನ ಲೆಕ್ಕವನ್ನೂ ಹೇಳಬೇಕು. ನಮ್ಮ ಮನೆಯ ಹೆಂಗಸರಿಗೆ ರೈಲಿನ ವೇಳಾಪಟ್ಟಿಗಿಂತ ಇದೇ ಚೆನ್ನಾಗಿ ಗೊತ್ತಿತ್ತು. ಸಂಜೆ ಕಾಸರಗೋಡಿನಲ್ಲಿ ಮಾವೇಲಿಯನ್ನೋ ಮಲಬಾರನ್ನೋ ಹತ್ತುವುದಾದರೆ ಮಧ್ಯಾಹ್ನ ಊಟದ ಮೇಲೆ ಅರ್ಧ ಲೋಟ, ಮತ್ತೆ ನೀರಿಲ್ಲ. ರೈಲಿನಲ್ಲಿ ಶೌಚಾಲಯ ಇದೆಯಲ್ಲ ಎಂದರೆ ಅಮ್ಮ "ಇರಲಿ, ಅದರ ಪಾಡಿಗೆ ಅದಿರಲಿ" ಎನ್ನುತ್ತಿದ್ದರು. ಬೆಳಿಗ್ಗೆ ತಿರುವನಂತಪುರದಲ್ಲಿ ಇಳಿದಾಗ ಅವರ ತುಟಿ ಒಣಗಿ ಬಿರಿದಿರುತ್ತಿತ್ತು. ಪದ್ಮನಾಭಸ್ವಾಮಿಯ ದರ್ಶನಕ್ಕೆ ಉಪವಾಸ ಬಂದ ಭಕ್ತೆ ಎಂದು ನೋಡಿದವರು ಕೈ ಮುಗಿಯುವಂತಿತ್ತು. ಮೂತ್ರದ ಸೋಂಕಿಗೆ ಡಾಕ್ಟರು ಮಾತ್ರೆ ಬರೆದು, "ನೀರು ಜಾಸ್ತಿ ಕುಡಿಯಿರಿ" ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಕುಡಿದು ಎಲ್ಲಿಗೆ ಹೋಗುವುದು ಡಾಕ್ಟ್ರೇ?" ಅದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ನಗರಸಭೆಯಲ್ಲಿ ಇರಬೇಕು.

ಉತ್ತರ ಹುಡುಕುವ ಪ್ರಯತ್ನ ನಡೆದಿಲ್ಲ ಎನ್ನಲಾರೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೇರಳದ ಪೇಟೆಗಳಲ್ಲಿ 'ಶೀ ಟಾಯ್ಲೆಟ್' ಬಂತು. ನಾಣ್ಯ ಹಾಕಿದರೆ ಬಾಗಿಲು ತೆರೆಯುವ, ತಾನೇ ತೊಳೆದುಕೊಳ್ಳುವ ಯಂತ್ರ. ಊರಿನಿಂದ ಬಂದ ಚಿಕ್ಕಮ್ಮ ನಾಣ್ಯ ಹಾಕಿ, ಯಂತ್ರ ಮಾತಾಡಿದ್ದು ಕೇಳಿ ಹಿಂದೆ ಸರಿದರು. "ಒಳಗೆ ಯಾರೋ ಇದ್ದಾರೆ ಮಾರಾಯ್ತಿ, ಪಾಪ, ಅವರು ಬರಲಿ." ಅವರ ಸಭ್ಯತೆಯ ಮುಂದೆ ತಂತ್ರಜ್ಞಾನ ಸೋತಿತು. ಇಂಥ ಯಂತ್ರಗಳು ಅಲ್ಲಲ್ಲಿ ಕೆಟ್ಟು ನಿಂತ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಈಚೆಗೆ ಹೆದ್ದಾರಿಗಳ ಬದಿಯಲ್ಲಿ 'ಟೇಕ್ ಎ ಬ್ರೇಕ್' ವಿಶ್ರಾಂತಿ ಕೇಂದ್ರಗಳು ಬಂದಿವೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಕೆಟ್ಟು ಹಿಡಿದು ಕೂತಿದ್ದರೆ ನಮ್ಮಂಥವರಿಗೆ ಯಂತ್ರಕ್ಕಿಂತ ಧೈರ್ಯ ಹೆಚ್ಚು. ಇನ್ನು ಶೌಚಾಲಯ ಕಟ್ಟುವ ಎಂಜಿನಿಯರುಗಳಲ್ಲಿ ನನ್ನದೊಂದು ಬೇಡಿಕೆ ಇದೆ, ಬಾಗಿಲ ಹಿಂದೆ ಒಂದು ಕೊಕ್ಕೆ. ಬ್ಯಾಗನ್ನು ಹಲ್ಲಿನಲ್ಲಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಚಿಲಕವಿಲ್ಲದ ಬಾಗಿಲನ್ನು ಇನ್ನೊಂದು ಕೈಯಲ್ಲಿ ಹಿಡಿದ ಹೆಂಗಸಿಗೆ ಮಾಡಬೇಕಾದ ಕೆಲಸಕ್ಕೆ ಕೈಯೇ ಉಳಿಯುವುದಿಲ್ಲ.

ಇಷ್ಟು ದೂರುವ ನಾನು ಒಂದು ಜಾಗವನ್ನು ಮಾತ್ರ ಹೊಗಳಲೇಬೇಕು: ರೈಲ್ವೆಯ ಲೇಡೀಸ್ ವೇಟಿಂಗ್ ರೂಮ್. ಪಿ.ಎಸ್.ಸಿ. ಸಂದರ್ಶನಕ್ಕೆಂದು ಮೊದಲ ಸಲ ಈ ಊರಿಗೆ ಬಂದಾಗ ನಾನು ಮುಖ ತೊಳೆದದ್ದು ಅಲ್ಲಿ. ಮಸುಕು ಕನ್ನಡಿ, ಒರಗುವ ಬೆನ್ನಿನ ಬೆತ್ತದ ಕುರ್ಚಿ, ಬಾಗಿಲಲ್ಲಿ ಗದರುತ್ತಲೇ ಸಾಮಾನು ನೋಡಿಕೊಳ್ಳುವ ಒಬ್ಬ ಅಮ್ಮ. ಕಣ್ಣೂರಿನಿಂದ ಬಂದ ಹುಡುಗಿ ನನಗೆ ಸೇಫ್ಟಿ ಪಿನ್ ಕೊಟ್ಟಳು, ನಾನು ಅವಳ ನೆರಿಗೆ ಹಿಡಿದೆ. ಕೊಲ್ಲಂನ ಹೆಂಗಸೊಬ್ಬರು ಮಗುವಿಗೆ ಹಾಲೂಡಿಸುತ್ತ, "ಹೆದರಬೇಡಿ ಮಕ್ಕಳೇ, ಕೇಳಿದ್ದಕ್ಕೆ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ನಕ್ಕುಬಿಡಿ" ಎಂದರು. ಮುದುಕಿಯರು ಕಾಲು ಚಾಚಿ ಮಲಗಿದ್ದರು. ನೀವು ಯಾಕೆ ಕೂತಿದ್ದೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕಾರಣವನ್ನು ಬಾಗಿಲ ಮೇಲೇ ಬರೆದಿತ್ತಲ್ಲ. ಹೆಂಗಸರಿಗೆ ಬೇಕಾದ ಸಾರ್ವಜನಿಕ ಜಾಗ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಕೋಣೆಯನ್ನು ತೋರಿಸುತ್ತೇನೆ. ನೀರು, ಕನ್ನಡಿ, ಕೊಕ್ಕೆ, ಒರಗು, ಇನ್ನೂ ನಾಲ್ಕು ಜನ ಹೆಂಗಸರು. ಒಂದೇ ಕೊರತೆಯೆಂದರೆ ಆಕಾಶ ಕಾಣುವುದಿಲ್ಲ, ಮತ್ತು ಕೈಯಲ್ಲಿ ಟಿಕೆಟ್ ಬೇಕು.

ಈಗಿನ ಹುಡುಗಿಯರಿಗೆ ದಾರಿ ಸ್ವಲ್ಪ ಸಲೀಸಾಗಿದೆ. ರೈಲ್ವೆ ನಿಲ್ದಾಣದ ಎದುರಿಗೇ, ತಂಬಾನೂರಿನ ಬಸ್ ಟರ್ಮಿನಲ್ಲಿನಲ್ಲಿ, ಒಂಟಿಯಾಗಿ ಬಂದ ಹೆಂಗಸರು ರಾತ್ರಿ ತಂಗಲು ಸರ್ಕಾರ 'ಎಂಡೆ ಕೂಡು' ತೆರೆದಿದೆ, ಬಾಡಿಗೆ ಇಲ್ಲ. ಕೊಚ್ಚಿಯಲ್ಲಿ ನಗರಪಾಲಿಕೆ 2023ರಲ್ಲಿ ಎರ್ನಾಕುಳಂ ನಾರ್ತ್ ನಿಲ್ದಾಣದ ಹತ್ತಿರ 'ಶೀ ಲಾಡ್ಜ್' ಮಾಡಿತು. ಅದರ ಪಕ್ಕದಲ್ಲೇ 2021ರಲ್ಲಿ ಶುರುವಾದ, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ನಡೆಸುವ ಊಟದ ಮನೆ, ಹತ್ತು ರೂಪಾಯಿಗೆ ಊಟ ಎಂದು ಹೆಸರಾದದ್ದು. 2017ರಲ್ಲಿ ಕೊಚ್ಚಿ ಮೆಟ್ರೊ ಓಡಲು ತೊಡಗಿದಾಗ ಟಿಕೆಟ್ ಕೊಡುವುದರಿಂದ ಹಿಡಿದು ಕಸ ಗುಡಿಸುವವರೆಗೆ ಕುಟುಂಬಶ್ರೀಯವರನ್ನೇ ಇಟ್ಟರು. ಗಾಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ ಎಂಬುದೇ ನಿಲ್ದಾಣಕ್ಕೆ ಅರ್ಧ ಬೆಳಕು.

ಅದೇ 2017ರಲ್ಲಿ, ಅದೇ ಕೊಚ್ಚಿಯಲ್ಲಿ, ಇನ್ನೊಂದೂ ನಡೆಯಿತು. ಮರೈನ್ ಡ್ರೈವಿನಲ್ಲಿ ನೀರಿಗೆ ಮುಖ ಮಾಡಿದ ಒಳ್ಳೆಯ ಕಟ್ಟೆ ಇದೆ, ಗಾಳಿ ಇದೆ. ಬಿಸಿಲಿಗೆ ಕೊಡೆ ಬಿಡಿಸಿ ಕೂತಿದ್ದ ಜೋಡಿಗಳನ್ನು ಬೆತ್ತ ಹಿಡಿದ ಒಂದು ಗುಂಪು ಬಂದು ಎಬ್ಬಿಸಿ ಓಡಿಸಿತು. ತಾರೀಕು ಮಾರ್ಚ್ 8, ಅಂತರರಾಷ್ಟ್ರೀಯ ಮಹಿಳಾ ದಿನ. ಮಹಿಳೆಯರ ರಕ್ಷಣೆಗೆ ಇದಕ್ಕಿಂತ ಶುಭಮುಹೂರ್ತ ಅವರಿಗೆ ಸಿಕ್ಕಲಿಲ್ಲ. ಬೆಂಚು ಹಾಕುವುದು ಗುತ್ತಿಗೆದಾರನ ಕೆಲಸ, ಅದರ ಮೇಲೆ ಕೂರಲು ಬಿಡುವುದು ಊರಿನ ಕೆಲಸ.

ಹಗಲಿನ ಕತೆ ಇದಾದರೆ ರಾತ್ರಿಯದು ಕೇಳಬೇಕೆ? 2019ರ ಡಿಸೆಂಬರ್ 29ರಂದು ಕೇರಳದ ಮಹಿಳಾ ಮತ್ತು ಮಕ್ಕಳ ಇಲಾಖೆ 'ಸಾರ್ವಜನಿಕ ಜಾಗ ನನ್ನದೂ ಹೌದು' ಎಂದು ರಾತ್ರಿ ಹನ್ನೊಂದರಿಂದ ಒಂದರವರೆಗೆ ಹೆಂಗಸರ ನಡಿಗೆ ಏರ್ಪಡಿಸಿತು. ಸರ್ಕಾರಿ ನೌಕರಳಾದ ನನಗೆ ಅದು ಬಹಳ ಹಿಡಿಸಿತು. ಇಲಾಖೆಯೇ ನಡೆಯಲು ಹೇಳಿದರೆ ಮನೆಯಲ್ಲಿ ಕಾರಣ ಹೇಳುವುದು ಸುಲಭ. 2023ರಲ್ಲಿ ತಿರುವನಂತಪುರದ ವೆಳ್ಳಯಂಬಲದ ಹತ್ತಿರದ ಮಾನವೀಯಂ ಬೀದಿಯನ್ನು ಅಂದಗೊಳಿಸಿ ರಾತ್ರಿಯಿಡೀ ಜನ ಸೇರುವ ತಾಣ ಮಾಡಿದರು. ಬೀದಿಯ ಆಚೆ ತುದಿಗೆ ಸ್ವಲ್ಪ ನಡೆದರೆ ಅಯ್ಯಂಕಾಳಿಯ ಪ್ರತಿಮೆ. 1893ರಲ್ಲಿ ದಲಿತರಿಗೆ ನಿಷೇಧವಿದ್ದ ರಾಜಬೀದಿಯಲ್ಲಿ ಎತ್ತಿನ ಬಂಡಿ ಹೊಡೆದುಕೊಂಡು ಹೋದವರು ಅವರು. ರಸ್ತೆಯ ಮೇಲೆ ಸುಮ್ಮನೆ ಹೋಗುವುದಕ್ಕೂ ಈ ನಾಡಿನಲ್ಲಿ ಹೊಡೆದಾಡಬೇಕಾಗಿತ್ತು ಎಂಬುದಕ್ಕೆ ಅವರೇ ಸಾಕ್ಷಿ. ಒಂದು ರಾತ್ರಿ ನಾನು, ನನ್ನ ಗೆಳತಿ ಮಾನವೀಯಂನಲ್ಲಿ ಕಟ್ಟನ್ ಚಾಯ ಹಿಡಿದು ಕೂತೆವು. ಯಾರೋ ಗಿಟಾರ್ ಬಾರಿಸುತ್ತಿದ್ದರು. ಅರ್ಧ ಗಂಟೆ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಆ ಸುಖಕ್ಕೆ ಮಾತೇ ಹೊರಡಲಿಲ್ಲ. ಆಮೇಲೆ ಗೆಳತಿಯ ಮಗನ ಫೋನ್ ಬಂತು: "ಅಮ್ಮಾ, ದೋಸೆ ಹಿಟ್ಟು ಎಲ್ಲಿ?"

ಈ ಊರಿನಲ್ಲಿ ನಿಶ್ಚಿಂತೆಯಿಂದ ಮಲಗಿರುವ ಹೆಂಗಸು ಒಬ್ಬಳೇ. ಶಂಖುಮುಖಂ ಕಡಲ ದಂಡೆಯಲ್ಲಿ ಕಾನಾಯಿ ಕುಂಞಿರಾಮನ್ ಮಾಡಿದ ಸಾಗರಕನ್ಯಕ. 87 ಅಡಿ ಉದ್ದ. ಹಗಲೂ ರಾತ್ರಿ ಕಡಲ ಗಾಳಿಗೆ ಮೈಚೆಲ್ಲಿ ಮಲಗಿದ್ದಾಳೆ, ಕೈಯಲ್ಲಿ ಫೈಲಿಲ್ಲ, ಫೋನಿಲ್ಲ. ಮಾಧವರಾಯರು, ವೇಲುತ್ತಂಬಿ ಮೊದಲಾದ ಗಂಡಸರು ಪ್ರತಿಮೆಯಾಗಿ ಸೆಕ್ರೆಟೇರಿಯಟ್ಟಿನ ಸುತ್ತ ಬಿಸಿಲಲ್ಲಿ ನಿಂತೇ ಇರುವುದನ್ನು ನೋಡಿದಾಗ ನನಗೆ ಒಳಗೊಳಗೇ ಖುಷಿ. ಆದರೆ ಅಷ್ಟು ಆರಾಮ ಬೇಕಾದರೆ ಕಾಂಕ್ರೀಟಿನವಳಾಗಬೇಕು, ಸೊಂಟದ ಕೆಳಗೆ ಮೀನಾಗಿರಬೇಕು.

ಹಾಗಾದರೆ ಈ ನಗರಕ್ಕೆ ಹೆಂಗಸರ ಬೇಕುಬೇಡ ತಿಳಿಯದೇ? ಚೆನ್ನಾಗಿಯೇ ತಿಳಿದಿದೆ. ಕುಂಭ ಮಾಸದಲ್ಲಿ, ಹೆಂಗಸರು ದೇವಿಗೆ ನೈವೇದ್ಯ ಬೇಯಿಸುವ ಆಟ್ಟುಕಾಲ್ ಪೊಂಗಾಲೆಯ ದಿನ ಬಂದು ನೋಡಬೇಕು. 2009ರ ಪೊಂಗಾಲೆಗೆ 25 ಲಕ್ಷ ಹೆಂಗಸರು ಸೇರಿದರು ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ. ದೇವಸ್ಥಾನದಿಂದ ಕಿಲೋಮೀಟರ್‌ಗಟ್ಟಲೆ, ಕಿಳಕ್ಕೇಕೋಟ್ಟ, ತಂಬಾನೂರು ದಾಟಿ, ಎಲ್ಲ ರಸ್ತೆಗಳಲ್ಲೂ ಮೂರು ಇಟ್ಟಿಗೆಯ ಒಲೆ, ಮಣ್ಣಿನ ಮಡಕೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ. ಹಿಂದಿನ ರಾತ್ರಿಯೇ ಬಂದು ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಯಾರೂ ಯಾಕೆ ಎಂದು ಕೇಳುವುದಿಲ್ಲ. ವಾಹನಗಳು ಬದಿಗೆ ಸರಿಯುತ್ತವೆ. ಕುಡಿಯುವ ನೀರು ಬರುತ್ತದೆ, ತಾತ್ಕಾಲಿಕ ಶೌಚಾಲಯ ಬರುತ್ತದೆ, ವೈದ್ಯರು ಬರುತ್ತಾರೆ, ಪೊಲೀಸರು ದಾರಿ ತೋರಿಸುತ್ತಾರೆ. ಎಂದೂ ಗೇಟು ತೆರೆಯದ ಬಂಗಲೆಯವರು ಕರೆದು ಬಚ್ಚಲುಮನೆ ತೋರಿಸುತ್ತಾರೆ. ಗಂಡಸರು ಲೋಟ ಹಿಡಿದು ಮಜ್ಜಿಗೆ ಹಂಚುತ್ತಾರೆ. ಅಮ್ಮ ಒಮ್ಮೆ ಪೊಂಗಾಲೆಗೆ ಬಂದಾಗ ನೀರಿನ ಲೆಕ್ಕ ಮರೆತು ಲೋಟದ ಮೇಲೆ ಲೋಟ ಮಜ್ಜಿಗೆ ಕುಡಿದರು. ಅವರನ್ನು ರಸ್ತೆಯ ಮೇಲೆ ಅಷ್ಟು ಹಗುರಾಗಿ ನಾನು ಕಂಡದ್ದು ಅದೊಂದೇ ದಿನ.

ಅದೇ ರಾತ್ರಿ ನಗರಪಾಲಿಕೆ ಬೀದಿ ಗುಡಿಸುತ್ತದೆ. ಸಿನಿಮಾದ ಕೃತಕ ಮಳೆಯ ಟ್ಯಾಂಕರು ತಂದು ರಸ್ತೆ ತೊಳೆದದ್ದೂ ಉಂಟು. ಉಳಿದ ಇಟ್ಟಿಗೆಗಳನ್ನು ಒಟ್ಟುಮಾಡಿ ಬಡವರ ಮನೆ ಕಟ್ಟಲು ಕೊಡುತ್ತಾರೆ. ಎಲ್ಲ ಅಚ್ಚುಕಟ್ಟು. ಮರುದಿನ ಬೆಳಿಗ್ಗೆ ನೋಡಿದರೆ ಒಲೆಯೂ ಇಲ್ಲ, ನೀರೂ ಇಲ್ಲ, ಶೌಚಾಲಯವೂ ಇಲ್ಲ, ಹೆಂಗಸರು ಮತ್ತೆ ಬಿರುಸಾಗಿ ನಡೆಯುತ್ತಿರುತ್ತಾರೆ. ವರ್ಷಕ್ಕೊಮ್ಮೆ ಲಕ್ಷಾಂತರ ಹೆಂಗಸರಿಗೆ ಒದಗಿಸಬಲ್ಲ ನಗರಕ್ಕೆ ದಿನಾ ಸಾವಿರಾರು ಮಂದಿಗೆ ಒದಗಿಸಲು ಏನು ಅಡ್ಡಿ? ದೇವಿಯ ಭಯವೊಂದೇ ಬೇಕೆಂದಾದರೆ ಪ್ರತಿ ಜಂಕ್ಷನ್ನಿನಲ್ಲೂ ಒಂದೊಂದು ಗುಡಿ ಕಟ್ಟಲಿ.

ಗುಡಿ ಕಟ್ಟದೆಯೂ ಇದು ಸಾಧ್ಯ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ಒಂದು ವಿಷಯ ಗಮನಕ್ಕೆ ಬಂತು: ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಂದ ಕಾಣೆಯಾಗುತ್ತಿದ್ದರು. ದೊಡ್ಡ ಬಯಲನ್ನು ಚೆಂಡಾಡುವ ಹುಡುಗರು ಹಿಡಿದಿದ್ದರು. ಎವಾ ಕೈಲ್ ಮತ್ತು ಅವರ ಜೊತೆಗಾರರಿದ್ದ ನಗರಾಡಳಿತ ಐನ್‌ಸೀಡ್ಲರ್ ಪಾರ್ಕನ್ನು ಮರುರೂಪಿಸಿತು. ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ದಾರಿಗೆ ಬೆಳಕು ಹಾಕಿದರು, ವಾಲಿಬಾಲಿಗೆ ಜಾಗ ಬಿಟ್ಟರು, ಗುಂಪಾಗಿ ಕೂರುವ ಮೂಲೆಗಳನ್ನಿಟ್ಟರು. ಹುಡುಗಿಯರು ಹಿಂತಿರುಗಿ ಬಂದರು. ರಾಕೆಟ್ ಹಾರಿಸುವ ಕೆಲಸವೇನಲ್ಲ. ರಾಕೆಟ್ ಹಾರಿಸುವ ವಿಜ್ಞಾನವಂತೂ ತಿರುವನಂತಪುರದಲ್ಲಿ 1963ರಿಂದಲೇ ಇದೆ.

ನನ್ನ ಪಟ್ಟಿ ಚಿಕ್ಕದು. ಬೆನ್ನಿಗೆ ಒರಗು ಇರುವ ಬೆಂಚು, ಎದುರುಬದುರು ಇದ್ದರೆ ಇನ್ನೂ ಒಳ್ಳೆಯದು, ಹೆಂಗಸರು ಸಾಲಾಗಿ ಕೂತು ಮಾತಾಡುವುದಿಲ್ಲ. ಸೀರೆ ಉಟ್ಟು ಹತ್ತಬಹುದಾದ ಎತ್ತರದ ಫುಟ್‌ಪಾತು. ಮರದ ಕೊಂಬೆಯ ಮೇಲಲ್ಲ, ಕೆಳಗೆ ಬೆಳಕು ಬೀಳುವ ದೀಪ. ಹತ್ತಿರದಲ್ಲಿ ಒಂದು ತಟ್ಟುಕಡ, ಯಾಕೆಂದರೆ ಆಮ್ಲೆಟ್ಟಿನ ವಾಸನೆ ಇರುವ ಕಡೆ ಮನುಷ್ಯರಿರುತ್ತಾರೆ. ತೆರೆದಿರುವ ಶೌಚಾಲಯ, ಅದರೊಳಗೆ ಕೊಕ್ಕೆ. ಇಷ್ಟನ್ನು ನಕ್ಷೆಗೆ ಹಾಕುವ ಮೊದಲು ಆ ನಕ್ಷೆ ಬರೆಯುವವರು ತಮ್ಮ ಅಮ್ಮನನ್ನು ಕರೆದುಕೊಂಡು ಒಂದು ಸಂಜೆ ಆ ಜಾಗಕ್ಕೆ ಹೋಗಲಿ, ಹೊರಡುವ ಮೊದಲು ಅವರಿಗೆ ಎರಡು ಲೋಟ ನೀರು ಕುಡಿಸಲಿ. ಉಳಿದದ್ದನ್ನು ಅಮ್ಮ ಹೇಳುತ್ತಾರೆ.

ಓದುಗರಲ್ಲಿ ಕೇಳಿಕೊಳ್ಳುವುದು ಇನ್ನೂ ಸುಲಭದ್ದು. ನಿಮ್ಮ ಊರಿನ ಪಾರ್ಕಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಒಬ್ಬ ಹೆಂಗಸು ಏನೂ ಮಾಡದೆ ಕೂತಿದ್ದರೆ ಅವರಿಗೆ ತಲೆ ಸುತ್ತುತ್ತಿಲ್ಲ, ಮನೆಯಲ್ಲಿ ಜಗಳವೂ ಆಗಿಲ್ಲ. ದಯವಿಟ್ಟು ಏನೂ ಕೇಳಬೇಡಿ. ಜಾಗವಿದ್ದರೆ ನೀವೂ ಕೂತುಕೊಳ್ಳಿ.